ಮೂರು ಕೋಟಿ, ಸ್ವಲ್ಪ ನೆಗೋಷಿಯಬಲ್

ಬೆಂಗಳೂರಿನ ಮಧ್ಯಮ ವರ್ಗದ ಮನುಷ್ಯ ಕಾಲು ಕೆಜಿ ಬೆಂಡೆಕಾಯಿ ಕೊಳ್ಳುವಾಗ ಒಂದೊಂದರ ತುದಿ ಮುರಿದು ನೋಡುತ್ತಾನೆ. ಗಾಡಿಯವನು ಬೈದರೂ ಬಿಡುವುದಿಲ್ಲ. ಅದೇ ಮನುಷ್ಯ ಮೂರು ಕೋಟಿಯ ಮನೆ ನೋಡಲು ಹೋದಾಗ ಹಾಲಿನಲ್ಲಿ ನಿಂತು ಫಾಲ್ಸ್ ಸೀಲಿಂಗ್ ನೋಡುತ್ತಾನೆ, ಅಡುಗೆಮನೆಯ ನಲ್ಲಿ ಒಮ್ಮೆ ತಿರುಗಿಸುತ್ತಾನೆ, ದೇವರಮನೆ ಈಶಾನ್ಯಕ್ಕಿದೆಯೇ ಎಂದು ಹೆಂಡತಿಯ ಮುಖ ನೋಡುತ್ತಾನೆ, ಮಾಲೀಕರು ಕೊಟ್ಟ ಕಾಫಿ ಕುಡಿಯುತ್ತಾನೆ. ಮೆಟ್ಟಿಲಿಳಿಯುವಾಗ ಬ್ರೋಕರ್ ಕಿವಿಯ ಹತ್ತಿರ ಬಾಗಿ ಕೇಳುತ್ತಾನೆ: “ಕಡೇ ರೇಟು ಎಷ್ಟಾಗಬಹುದು?” ಪರೀಕ್ಷೆ ಮುಗಿಯಿತು.

ಕಡೇ ರೇಟು ಎಷ್ಟು ಎಂದು ಕೇಳಿದಿರೋ, ಮೊದಲನೇ ರೇಟನ್ನು ಒಪ್ಪಿಕೊಂಡಿರೆಂದೇ ಅರ್ಥ. ಮೂರು ಕೋಟಿ ಯಾರೋ ತಿಳಿದವರು ಕೂತು ಲೆಕ್ಕ ಹಾಕಿದ ಸಂಖ್ಯೆ, ಅದರಲ್ಲಿ ನಾಲ್ಕೈದು ಲಕ್ಷ ಉದುರಿಸಿದರೆ ತಾನು ಗೆದ್ದಂತೆ ಎಂದು ಕೊಳ್ಳುವವನು ತೀರ್ಮಾನಿಸಿಬಿಡುತ್ತಾನೆ. ಐದು ಲಕ್ಷ ಇಳಿಸಿಕೊಂಡು ಬಂದವನು ಮುಂದಿನ ಒಂದು ವರ್ಷ ನೆಂಟರ ಮದುವೆಗಳಲ್ಲಿ ಊಟದ ಪಂಕ್ತಿ ಪಂಕ್ತಿಗೂ ಅದೇ ಕಥೆ ಬಡಿಸುತ್ತಾನೆ. ಐವತ್ತು ಲಕ್ಷ ಹೆಚ್ಚು ಕೊಟ್ಟದ್ದು ಅವನಿಗೂ ಗೊತ್ತಿರುವುದಿಲ್ಲ, ಹೋಳಿಗೆ ತಿನ್ನುತ್ತಿರುವ ನೆಂಟರಿಗೂ ಗೊತ್ತಾಗುವುದಿಲ್ಲ.

ಹಾಗಾದರೆ ಆ ಮೂರು ಕೋಟಿ ಬಂದದ್ದೆಲ್ಲಿಂದ? ಒಂದು ಮನೆಯನ್ನು ಕಣ್ಣಮುಂದೆ ಇಟ್ಟುಕೊಳ್ಳೋಣ. ವಿಜಯನಗರವೋ ಬಸವೇಶ್ವರನಗರವೋ ಬನಶಂಕರಿ ಎರಡನೇ ಹಂತವೋ, ನಿಮಗೆ ಹತ್ತಿರವಾದದ್ದು. 30×40ರ ಸೈಟು, ಪೂರ್ವ ದಿಕ್ಕು, 25 ವರ್ಷ ಹಳೆಯ ಕಟ್ಟಡ, ಕೆಳಗೊಂದು ಮೇಲೊಂದು ಮನೆ, ಎರಡೂ ಸೇರಿ 20 ಚದರ. ತಾರಸಿಯ ಮೇಲೆ ಒಂದು ರೂಮು. ಅದು ಬಾಡಿಗೆದಾರನಿಗೆ ಗೊತ್ತು, ಪಾಲಿಕೆಯ ಪ್ಲಾನಿಗೆ ಗೊತ್ತಿಲ್ಲ.

ಬೆಲೆಯ ಮೊದಲ ಮೂಲ ಹಿಂದಿನ ಕ್ರಾಸ್. “ನಮ್ ಹಿಂದಿನ ಕ್ರಾಸಲ್ಲಿ ಇಂಥದ್ದೇ ಮನೆ ಎರಡೂಮುಕ್ಕಾಲಿಗೆ ಹೋಯ್ತು ಸಾರ್, ಅದೂ ಪಶ್ಚಿಮ ದಿಕ್ಕು.” ಹೋಯ್ತು ಎನ್ನುವ ಯಾರೂ ಕ್ರಯಪತ್ರ ಕಂಡವರಲ್ಲ. ಆ ಮನೆಯವರು ಎರಡೂಮುಕ್ಕಾಲು ಹೇಳಿದ್ದು ನಿಜ. ಎಷ್ಟಕ್ಕೆ ಕೊಟ್ಟರೆಂಬುದು ಅವರಿಗೂ ಕೊಂಡವರಿಗೂ ಬಿಟ್ಟರೆ ಮೂರನೆಯವರಿಗೆ ತಿಳಿಯದು, ಮತ್ತು ಆ ಇಬ್ಬರೂ ಬೀದಿಯಲ್ಲಿ ಸಿಕ್ಕರೆ ಎರಡೂಮುಕ್ಕಾಲು ಎಂದೇ ಹೇಳುತ್ತಾರೆ. ಮಾರಿದವನಿಗೆ ಅದರಲ್ಲಿ ಪ್ರತಿಷ್ಠೆ, ಕೊಂಡವನಿಗೆ ನಾಳೆಯ ಆಸ್ತಿ ಮೌಲ್ಯ. ಹೀಗೆ ಹೇಳಿದ ಬೆಲೆಯೇ ಕೊಟ್ಟ ಬೆಲೆಯಾಗಿ, ಕೊಟ್ಟ ಬೆಲೆ ಮುಂದಿನ ಕ್ರಾಸಿನ ಹೇಳುವ ಬೆಲೆಯಾಗಿ, ಒಂದು ಮನೆಯೂ ಮಾರಾಟವಾಗದೆ ಇಡೀ ಬಡಾವಣೆ ಶ್ರೀಮಂತವಾಗುತ್ತದೆ.

ಎರಡನೆಯ ಮೂಲ ಮಾಲೀಕರ ಸಂತಾನ.

“ಸ್ವಲ್ಪ ಜಾಸ್ತಿ ಆಯ್ತೇನೋ ಅನ್ಸುತ್ತೆ ಸಾರ್...”

“ನೋಡಿ ಇವ್ರೇ, ನಂಗೆ ಮೂರು ಜನ ಮಕ್ಳು. ತಲೆಗೊಂದು ಕೋಟಿ ಅಂತ ಮಾತಾಗಿದೆ. ಕಮ್ಮಿ ಮಾಡಿದ್ರೆ ಯಾರ ಪಾಲಲ್ಲಿ ಮುರೀಲಿ, ನೀವೇ ಹೇಳಿ.”

ಇದಕ್ಕೆ ಉತ್ತರವಿಲ್ಲ. ಇಟ್ಟಿಗೆ, ಸಿಮೆಂಟು, ನೆಲ ಯಾವುದರ ಮಾತೂ ಇಲ್ಲಿ ಬರಲಿಲ್ಲ. ಅವರಿಗೆ ಇನ್ನೊಂದು ಮಗು ಹುಟ್ಟಿದ್ದರೆ ಇದೇ ಮನೆ ನಾಲ್ಕು ಕೋಟಿಯಾಗುತ್ತಿತ್ತು. ಕುಟುಂಬ ಯೋಜನೆಯ ಮಹತ್ವ ಕೊಳ್ಳುವವನಿಗೆ ಅರಿವಾಗುವುದು ಇಂಥ ಹೊತ್ತಿನಲ್ಲಿ.

ಮಕ್ಕಳನ್ನು ಎಣಿಸುವಾಗ ಹೆಣ್ಣುಮಕ್ಕಳನ್ನು ಬಿಟ್ಟು ಎಣಿಸುವ ಮನೆಗಳೂ ಉಂಟು. ಅಪ್ಪ ತೀರಿಕೊಂಡಿದ್ದಾರೆ, ಅಣ್ಣತಮ್ಮಂದಿರಿಬ್ಬರು ಮಾರಲು ಕೂತಿದ್ದಾರೆ. ತಂಗಿಯ ಸಹಿ ಬೇಡವೇ ಎಂದರೆ, “ಅವಳೇನೂ ತಕರಾರು ಮಾಡಲ್ಲ ಸಾರ್, ಗೌರಿ ಹಬ್ಬಕ್ಕೆ ವರ್ಷ ವರ್ಷ ಬಾಗಿನ ಕೊಡ್ತಾ ಇದೀವಲ್ಲ” ಎನ್ನುತ್ತಾರೆ. ಹಿಂದೂ ಕುಟುಂಬದಲ್ಲಿ ಉಯಿಲು ಬರೆಯದೆ ತೀರಿಕೊಂಡ ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳಿಗೆ 1956ರಿಂದಲೇ ಸಮಪಾಲು ಇದೆ. ಪಿತ್ರಾರ್ಜಿತದಲ್ಲೂ 2005ರ ತಿದ್ದುಪಡಿ ಅವಳನ್ನು ಮಗನ ಪಕ್ಕದಲ್ಲೇ ಕೂರಿಸಿದೆ. ಮೊರದ ಬಾಗಿನಕ್ಕೆ ಹಕ್ಕು ಬಿಡುಗಡೆ ಪತ್ರದ ಬೆಲೆ ಯಾವ ಕಾನೂನಿನಲ್ಲೂ ಇಲ್ಲ. ತಂಗಿಯ ಸಹಿಯಿಲ್ಲದ ಮನೆಗೆ ನೀವು ಎಷ್ಟೇ ಕಡಿಮೆ ಕೊಟ್ಟರೂ ಕೊಳ್ಳುವುದು ಒಂದು ದಾವೆಯನ್ನು, ಅದೂ ಪೂರ್ವ ದಿಕ್ಕಿನದು.

ಮೂರನೆಯ ಮೂಲ ಭವಿಷ್ಯ. ಈ ಊರಿನಲ್ಲಿ ಮನೆಯ ಬೆಲೆ ಇವತ್ತಿನ ರಸ್ತೆಯನ್ನು ನೋಡಿ ಕಟ್ಟುವುದಿಲ್ಲ, ನಕ್ಷೆಯ ಮೇಲಿನ ಚುಕ್ಕೆಗೆರೆಯನ್ನು ನೋಡಿ ಕಟ್ಟುತ್ತಾರೆ. ಪೆರಿಫೆರಲ್ ರಿಂಗ್ ರೋಡಿಗೆ ಅಂತಿಮ ಅಧಿಸೂಚನೆ ಹೊರಟದ್ದು 2007ರಲ್ಲಿ. ಅಂದು ಹುಟ್ಟಿದ ಮಗುವಿಗೆ ಓಟಿನ ಹಕ್ಕು ಬಂದಿದೆ, ರಸ್ತೆ ಬಂದಿಲ್ಲ. ನಡುವೆ ಅದಕ್ಕೆ ಬೆಂಗಳೂರು ಬಿಸಿನೆಸ್ ಕಾರಿಡಾರ್ ಎಂದು ಮರುನಾಮಕರಣ ಮಾತ್ರ ಆಗಿದೆ. ಆ ರಸ್ತೆಯ ಅಕ್ಕಪಕ್ಕದ ಸೈಟುಗಳ ದರದಲ್ಲಿ ಮಾತ್ರ ಅಂದಿನಿಂದಲೂ ವಾಹನಗಳು ಓಡಾಡುತ್ತಿವೆ. ಎಲೆಕ್ಟ್ರಾನಿಕ್ ಸಿಟಿ ಕಡೆಯ ಹಳದಿ ಮೆಟ್ರೊ ಮಾರ್ಗದಲ್ಲಿ ರೈಲು ಓಡಿದ್ದು 2025ರ ಆಗಸ್ಟಿನಲ್ಲಿ. ಬೆಲೆ ಅದಕ್ಕೂ ವರ್ಷಗಳ ಮೊದಲೇ ಬಂದು ನಿಲ್ದಾಣದಲ್ಲಿ ಕೂತಿತ್ತು. ಅದೇ ವರ್ಷ ರಾಮನಗರ ಜಿಲ್ಲೆಯನ್ನು ಬೆಂಗಳೂರು ದಕ್ಷಿಣ ಎಂದು ಕರೆಯಲು ಸಚಿವ ಸಂಪುಟ ಒಪ್ಪಿತು. ರಾಮನಗರದ ಬಂಡೆಗಳು ಇದ್ದಲ್ಲೇ ಇವೆ. ಅವುಗಳ ಕೆಳಗಿನ ಸೈಟು ಮಾತ್ರ ಒಂದೇ ದಿನಕ್ಕೆ ರಾಜಧಾನಿಗೆ ಹತ್ತಿರವಾಯಿತು.

“ಮೆಟ್ರೊಗೆ ನಡ್ಕೊಂಡೇ ಹೋಗ್ಬಹುದು ಸಾರ್” ಎಂಬ ಮಾತೂ ಈ ಜಾತಿಯದೇ. ಧರ್ಮಸ್ಥಳಕ್ಕೂ ಜನ ನಡೆದುಕೊಂಡೇ ಹೋಗುತ್ತಾರೆ. ಆ ಮಾತಿಗೆ ದುಡ್ಡು ಕೊಡುವ ಮೊದಲು ಬೆಳಗ್ಗೆ ಒಂಬತ್ತಕ್ಕೆ, ಫುಟ್‌ಪಾತ್ ಇದ್ದರೆ ಅದರ ಮೇಲೆ, ಇಲ್ಲದಿದ್ದರೆ ಮೋರಿಯ ಕಲ್ಲಿನ ಮೇಲೆ, ಮನೆಯಿಂದ ನಿಲ್ದಾಣಕ್ಕೆ ಒಮ್ಮೆ ನಡೆದು ನೋಡಿ.

ಪೂರ್ವ ದಿಕ್ಕಿಗೆ ಪ್ರತ್ಯೇಕ ಸುಂಕವಿದೆ. ದಕ್ಷಿಣಕ್ಕೆ ಮುಖ ಮಾಡಿದ ಮನೆ ಅದೇ ಬೀದಿಯಲ್ಲಿ, ಅದೇ ಅಳತೆಯಲ್ಲಿ ಕಡಿಮೆಗೆ ಸಿಗುತ್ತದೆ. ನಾಸ್ತಿಕನಿಗೆ ಈ ನಾಡು ಕೊಡುವ ಏಕೈಕ ರಿಯಾಯಿತಿ ಅದು. ಆದರೆ ಅವನು ಹಿಗ್ಗಬೇಕಾಗಿಲ್ಲ. ನಾಳೆ ಮಾರುವಾಗ ಬರುವವನು ಆಸ್ತಿಕನೇ.

ಇವೆಲ್ಲ ಬಾಯಿಮಾತಿನ ಬೆಲೆ. ಕಾಗದದಲ್ಲಿ ಏನಿದೆ ನೋಡೋಣ ಎಂದು ಬುದ್ಧಿವಂತನೊಬ್ಬ ಹೊರಡುತ್ತಾನೆ. ಹಾಗೆ ಹೊರಡಲು ದಾರಿಯೂ ಇದೆ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ನಿಮ್ಮ ಬೀದಿಯ ಮಾರ್ಗಸೂಚಿ ದರ ಸಿಗುತ್ತದೆ. ಸಣ್ಣ ಶುಲ್ಕ ಕಟ್ಟಿದರೆ ಒಂದು ಆಸ್ತಿಯ ಋಣಭಾರ ಪ್ರಮಾಣಪತ್ರ, ಎಲ್ಲರ ಬಾಯಲ್ಲಿ ಇ.ಸಿ., ಸಿಗುತ್ತದೆ, ಅದರಲ್ಲಿ ಯಾರು ಯಾರಿಗೆ ಎಷ್ಟಕ್ಕೆ ಮಾರಿದರೆಂದು ಬರೆದಿರುತ್ತದೆ. ಹಿಂದಿನ ಕ್ರಾಸಿನ ಎರಡೂಮುಕ್ಕಾಲು ಕೋಟಿಯ ಮನೆಯ ವಿವರ ಹಾಕಿ ತೆಗೆದು ನೋಡಿದರೆ ಅಲ್ಲಿ ಕಾಣುವುದು 1 ಕೋಟಿ 90 ಲಕ್ಷ.

ಬುದ್ಧಿವಂತ ಖುಷಿಯಿಂದ ಕುಣಿಯುತ್ತಾನೆ. ಪಾಪ, ಅವನಿಗೆ ನಮ್ಮ ವ್ಯವಸ್ಥೆಯ ಸೊಬಗು ಗೊತ್ತಿಲ್ಲ. ಬಾಯಲ್ಲಿ ಎಲ್ಲರೂ ಮೇಲಕ್ಕೆ ಸುಳ್ಳು ಹೇಳುತ್ತಾರೆ, ಕಾಗದದಲ್ಲಿ ಎಲ್ಲರೂ ಕೆಳಕ್ಕೆ ಸುಳ್ಳು ಹೇಳುತ್ತಾರೆ. ಮಾರ್ಗಸೂಚಿ ದರ ಇಷ್ಟು ಎಂದು ಸರ್ಕಾರ ಒಂದು ಗೆರೆ ಎಳೆಯುತ್ತದೆ. 2023ರ ಅಕ್ಟೋಬರ್ 1ರಿಂದ ಆ ಗೆರೆಯನ್ನು ಮೇಲಕ್ಕೆ ಏರಿಸಿತು ಕೂಡ. ಜನ ಆ ಗೆರೆಯ ನೆತ್ತಿಯ ಮೇಲೆ ಕ್ರಯಪತ್ರವನ್ನು ಇಟ್ಟು, ಉಳಿದದ್ದನ್ನು ಬ್ಯಾಗಿಗೆ ಹಾಕುತ್ತಾರೆ. ಕೋಟ್ಯಂತರ ರೂಪಾಯಿಯ ವ್ಯವಹಾರಗಳ ಅಧಿಕೃತ ದಾಖಲೆ ರಾಜ್ಯದಲ್ಲಿದೆ, ಅದನ್ನು ನಾಗರಿಕರೆಲ್ಲ ಸೇರಿ ಶ್ರದ್ಧೆಯಿಂದ ಹಾಳು ಮಾಡಿದ್ದೇವೆ, ಆಮೇಲೆ ನಿಜವಾದ ಬೆಲೆ ತಿಳಿಯಲು ಬ್ರೋಕರನ ಬಾಯಿ ನೋಡುತ್ತೇವೆ.

ಕೆಲವು ಕಡೆ ಈ ದಾಖಲೆ ನಂಬಿಕೆಗೆ ಅರ್ಹ. ಸಂಬಳದವರು ಸಂಬಳದವರಿಗೆ ಬ್ಯಾಂಕ್ ಸಾಲದ ಮೇಲೆ ಮಾರಿದ ಫ್ಲ್ಯಾಟುಗಳ ಕ್ರಯಪತ್ರಗಳಲ್ಲಿ ಸುಳ್ಳಿಗೆ ಜಾಗ ಕಡಿಮೆ; ಹೆಚ್ಚು ಸಾಲ ಬೇಕೆಂದರೆ ಹೆಚ್ಚು ಬರೆಯಲೇಬೇಕು. ಪ್ರಾಮಾಣಿಕತೆಯನ್ನು ಈ ನಗರದಲ್ಲಿ ಉಳಿಸಿದ್ದು ನೀತಿಪಾಠವಲ್ಲ, ಗೃಹಸಾಲ.

ಬ್ಯಾಗಿನ ವಿಷಯ ಬಂದೇ ಬರುತ್ತದೆ. “ಎರಡು ವೈಟು, ಒಂದು ಕ್ಯಾಶು ಮಾಡ್ಕೊಳ್ಳೋಣ ಸಾರ್, ನಿಮ್ಗೂ ರಿಜಿಸ್ಟ್ರೇಷನ್ ಉಳಿಯುತ್ತೆ.” ಎಷ್ಟು ಉಳಿಯುತ್ತದೆಂದು ನೋಡೋಣ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ನಗರದಲ್ಲಿ ಶೇ 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2. ಒಟ್ಟು ಶೇ 7.6. ಮೂರು ಕೋಟಿಗೆ 22.80 ಲಕ್ಷ, ಎರಡು ಕೋಟಿಗೆ 15.20 ಲಕ್ಷ. ಉಳಿತಾಯ 7.60 ಲಕ್ಷ. ಈಗ ಖರ್ಚಿನ ಕಡೆ ಬನ್ನಿ. ಬ್ಯಾಂಕು ಸಾಲ ಕೊಡುವುದು ಕಾಗದದ ಎರಡು ಕೋಟಿಯ ಮೇಲೆ. ಮುಕ್ಕಾಲು ಪಾಲೆಂದರೆ ಒಂದೂವರೆ ಕೋಟಿ. ಉಳಿದ ಒಂದೂವರೆ ನೀವು ತರಬೇಕು, ಅದರಲ್ಲಿ ಒಂದು ಕೋಟಿ ನಗದು. 2,000ದ ನೋಟು 2023ರಲ್ಲಿ ಹಿಂದೆ ಸರಿದ ಮೇಲೆ ಅದು 500ರ 200 ಕಟ್ಟು. ಬ್ಯಾಗೂ ದೊಡ್ಡದೇ ಬೇಕು. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನ ನಗದು ಪಡೆಯುವಂತಿಲ್ಲ ಎಂಬ ಆದಾಯ ತೆರಿಗೆಯ ನಿಯಮ 2015ರಿಂದ ಇದೆ, ಪಡೆದವನಿಗೆ ಅಷ್ಟೇ ಮೊತ್ತದ ದಂಡವೂ ಇದೆ. ಆಮೇಲೆ, ಮುಂದೊಂದು ದಿನ ನೀವು ಪೂರ್ತಿ ಬಿಳಿಯಲ್ಲಿ ಮಾರಲು ಹೋದಾಗ ನಿಮ್ಮ ಅಸಲು ಎರಡೇ ಕೋಟಿ. ಇವತ್ತು ಮಾಲೀಕರು ಮುಚ್ಚಿಟ್ಟ ಒಂದು ಕೋಟಿ ಲಾಭಕ್ಕೆ ತೆರಿಗೆ ಕಟ್ಟುವ ಭಾಗ್ಯ ಅಂದು ನಿಮ್ಮದು. ಎರಡು ಕೋಟಿಯ ಕಾಗದಕ್ಕೆ ಮೂರು ಕೋಟಿ ಕೊಟ್ಟವನಿಗೆ ನ್ಯಾಯವಾದ ಬೆಲೆಯ ಚರ್ಚೆಯಲ್ಲಿ ಭಾಗವಹಿಸುವ ಅರ್ಹತೆಯೇ ಇಲ್ಲ.

ಹಾಗೆಂದು ಚೌಕಾಸಿಯಲ್ಲಿ ವಿಪರೀತ ಜಾಣರಾದರೂ ಕಷ್ಟ. ಮಾರ್ಗಸೂಚಿ ದರಕ್ಕಿಂತ ಶೇ 10ಕ್ಕೂ ಹೆಚ್ಚು ಕಡಿಮೆಗೆ ಕೊಂಡಿರೆಂದರೆ ವ್ಯತ್ಯಾಸದ ಮೊತ್ತವನ್ನು ನಿಮ್ಮ ಆದಾಯವೆಂದೇ ಪರಿಗಣಿಸಿ ತೆರಿಗೆ ಕೇಳಬಹುದು. ಅಗ್ಗಕ್ಕೆ ಕೊಂಡವನೊಬ್ಬ ಈ ರಾಜ್ಯದಲ್ಲಿ ಇರಲು ಸಾಧ್ಯವೆಂದು ಸರ್ಕಾರಕ್ಕೆ ನಂಬಿಕೆಯಿಲ್ಲ. ಮಾರುವವರು ಮಗನ ಹೆಸರಿನಲ್ಲಿ ಆಸ್ತಿ ಇಟ್ಟು, ಮಗ ನ್ಯೂಜೆರ್ಸಿಯಲ್ಲಿದ್ದರೆ ಇನ್ನೊಂದು ಎಚ್ಚರ. 50 ಲಕ್ಷ ಮತ್ತು ಮೇಲ್ಪಟ್ಟ ವ್ಯವಹಾರದಲ್ಲಿ ಸ್ಥಳೀಯ ಮಾರಾಟಗಾರನಿಗೆ ಕೊಡುವ ಹಣದಲ್ಲಿ ಶೇ 1 ತೆರಿಗೆ ಹಿಡಿದು ಕಟ್ಟಿದರಾಯಿತು. ಅನಿವಾಸಿಗಾದರೆ ಅದಕ್ಕಿಂತ ಬಹಳ ದೊಡ್ಡ ಮೊತ್ತ ಹಿಡಿಯಬೇಕು. ನೀವು ಹಿಡಿಯದಿದ್ದರೆ ಇಲಾಖೆ ನಿಮ್ಮನ್ನು ಹಿಡಿಯುತ್ತದೆ.

ಇನ್ನು ಬ್ಯಾಂಕಿನ ಮೇಲೆ ಭಾರ ಹಾಕುವವರ ಪಂಗಡ. “ಬ್ಯಾಂಕೇ ಲೋನ್ ಕೊಡ್ತಿದೆ ಅಂದ್ಮೇಲೆ ರೇಟು ಸರಿಯಾಗೇ ಇರುತ್ತೆ” ಎಂಬುದು ಇವರ ಮೂಲಮಂತ್ರ. ಬ್ಯಾಂಕಿನ ಪರವಾಗಿ ಮೌಲ್ಯಮಾಪಕರು ಬೈಕಿನಲ್ಲಿ ಬರುತ್ತಾರೆ, ಗೇಟಿನ ಮುಂದೆ ನಿಂತು ಫೋಟೊ ತೆಗೆಯುತ್ತಾರೆ, ಹೆಲ್ಮೆಟ್ ತೆಗೆಯದೆ ಕೇಳುತ್ತಾರೆ: “ನಿಮ್ಗೆ ಎಷ್ಟು ಬೇಕಾಗಿತ್ತು ಸಾರ್?” ಎಲ್ಲರೂ ಹಾಗಲ್ಲ, ಆದರೆ ಇದನ್ನು ಕೇಳಿಸಿಕೊಂಡವರು ಎಲ್ಲ ಬಡಾವಣೆಗಳಲ್ಲೂ ಇದ್ದಾರೆ. ಮೌಲ್ಯಮಾಪಕರು ಸತ್ಯಹರಿಶ್ಚಂದ್ರರೇ ಎಂದುಕೊಂಡರೂ ಒಂದು ಸಂಗತಿ ಮರೆಯಬಾರದು. 75 ಲಕ್ಷ ಮೀರಿದ ಗೃಹಸಾಲದಲ್ಲಿ ಬ್ಯಾಂಕು ಮೌಲ್ಯದ ಶೇ 75ಕ್ಕಿಂತ ಹೆಚ್ಚು ಕೊಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ಕಟ್ಟಪ್ಪಣೆ ಮಾಡಿದೆ. ಅಂದರೆ ಬೆಲೆ ಕಾಲು ಭಾಗ ಕುಸಿದರೂ ಬ್ಯಾಂಕಿನ ದುಡ್ಡು ಕ್ಷೇಮ. ಮುಳುಗುವ ಕಾಲು ಭಾಗ ನಿಮ್ಮದು. ಬ್ಯಾಂಕು ಆ ಬೆಲೆಯನ್ನು ಕಾಲು ಭಾಗ ಅನುಮಾನಿಸಿ ಬರವಣಿಗೆಯಲ್ಲೇ ಕೊಟ್ಟಿದೆ. ಪೂರ್ತಿ ನಂಬಿದವರು ನೀವೊಬ್ಬರೇ.

ಫ್ಲ್ಯಾಟು ಕೊಳ್ಳುವವರು ಬೇರೆಯೇ ಗಣಿತ ಕಲಿಯಬೇಕು. 1,500 ಚದರಡಿ, ಅಡಿಗೆ 9,000, ಒಟ್ಟು 1.35 ಕೋಟಿ ಎನ್ನುತ್ತಾರೆ. ಆ 1,500ರಲ್ಲಿ ಲಿಫ್ಟಿದೆ, ಮೆಟ್ಟಿಲಿದೆ, ಕಾರಿಡಾರಿದೆ, ವಾಚ್‌ಮನ್ ಕೂರುವ ಜಾಗವಿದೆ. ನೀವು ಮಂಚ ಹಾಕಬಹುದಾದ ಕಾರ್ಪೆಟ್ ಏರಿಯಾ 1,050 ಎಂದಿಟ್ಟುಕೊಂಡರೆ ಅಡಿಗೆ ಬಿದ್ದದ್ದು ಸುಮಾರು 12,850. ರೇರಾ ಕಾಯ್ದೆ ಬಂದ ಮೇಲೆ ಹೊಸ ಯೋಜನೆಗಳಲ್ಲಿ ಕಾರ್ಪೆಟ್ ಲೆಕ್ಕ ಹೇಳಲೇಬೇಕು. ಹಳೆಯ ಫ್ಲ್ಯಾಟು ಮರುಮಾರಾಟಕ್ಕೆ ಬಂದಾಗ ಲಿಫ್ಟಿನ ಗುಂಡಿ ಮತ್ತೆ ನಿಮ್ಮ ಬೆಡ್‌ರೂಮಿಗೆ ಸೇರಿಕೊಳ್ಳುತ್ತದೆ. ಟೇಪು ಹಿಡಿದು ಹೋಗಲು ನಾಚಿಕೆ ಬೇಡ.

ಮತ್ತೆ ನಮ್ಮ 30×40ಕ್ಕೆ ಬರೋಣ. ಮಾಲೀಕರು ಬಾಗಿಲು ಸವರುತ್ತಾ ಹೇಳುತ್ತಾರೆ: “ಬರ್ಮಾ ಟೀಕು, ಈಗ ದುಡ್ಡು ಕೊಟ್ರೂ ಸಿಗಲ್ಲ.” ನೆಲಕ್ಕೆ ವಯಸ್ಸಾಗುವುದಿಲ್ಲ, ಕಟ್ಟಡಕ್ಕೆ ಆಗುತ್ತದೆ ಎಂಬ ಸರಳ ಸತ್ಯವನ್ನು ತೇಗದ ಬಾಗಿಲು ಮರೆಸುತ್ತದೆ. ಇಂದು ಅಂಥ 20 ಚದರ ಕಟ್ಟಲು ಚದರಡಿಗೆ 2,500ರಂತೆ 50 ಲಕ್ಷ ಹಿಡಿಯಿರಿ. ಕಟ್ಟಡದ ಆಯಸ್ಸು 60 ವರ್ಷ ಎಂದರೆ 25 ವರ್ಷ ತೀರಿದೆ. ಉಳಿದ ಮೌಲ್ಯ ಸುಮಾರು 29 ಲಕ್ಷ. ಮೂರು ಕೋಟಿಯಲ್ಲಿ ಅದನ್ನು ಕಳೆದರೆ ಬರಿಯ ನೆಲಕ್ಕೆ 2.71 ಕೋಟಿ, ಅಂದರೆ ಚದರಡಿಗೆ 22,500ಕ್ಕೂ ಮೇಲೆ. ಈಗ ಪ್ರಶ್ನೆ ಚಿಕ್ಕದಾಯಿತು, ಉತ್ತರ ಹುಡುಕಬಹುದಾದದ್ದೂ ಆಯಿತು: ಈ ಬೀದಿಯಲ್ಲಿ ಖಾಲಿ ಸೈಟು ಆ ದರಕ್ಕೆ ಹೋಗುತ್ತಿದೆಯೇ? ಕೆಡವಿ ಹೊಸದು ಕಟ್ಟುವ ಯೋಚನೆ ಇದ್ದರಂತೂ ಆ 29 ಲಕ್ಷವೂ ಇಲ್ಲ, ಜೆಸಿಬಿ ಬಾಡಿಗೆ ಬೇರೆ. ಬರ್ಮಾದ ತೇಗಕ್ಕೆ ಬೆಲೆ ಕೊಟ್ಟು, ಅದನ್ನು ಕೀಳಲೂ ಕೂಲಿ ಕೊಡುತ್ತೀರಿ.

ಬೆಲೆಯಿಂದ ಕಳೆಯಬೇಕಾದ ಬಾಬ್ತುಗಳು ಇನ್ನೂ ಇವೆ, ಆದರೆ ಜಾಹೀರಾತಿನಲ್ಲಿ ಕಾಣುವುದಿಲ್ಲ. ಮೇಲಿನ ಮನೆಯವರು ತಿಂಗಳ ಬಾಡಿಗೆಯವರೋ ಭೋಗ್ಯದವರೋ? ಭೋಗ್ಯವಾದರೆ ಅವರು ಕೊಟ್ಟ ಇಪ್ಪತ್ತು ಮೂವತ್ತು ಲಕ್ಷ ಮಾಲೀಕರ ಕೈಯಲ್ಲಿ ಎಂದೋ ಕರಗಿದೆ. ಕರಾರು ನೋಂದಣಿಯಾಗಿರದಿದ್ದರೆ ಇ.ಸಿ.ಯಲ್ಲಿ ಅದರ ಸುಳಿವೂ ಇಲ್ಲ. ನೀವು ಕೀಲಿಕೈ ತೆಗೆದುಕೊಂಡ ದಿನ ಮೇಲಿನವರು ಇಳಿದು ಬಂದು ನಮಸ್ಕಾರ ಹೇಳಿ ಕೈಚಾಚುತ್ತಾರೆ. ಖಾತೆ ಎ ಆಗಿದೆಯೇ, ಬಿ ಆಗಿದೆಯೇ? “ಬಿ ಇದೆ ಸಾರ್, ಎ ಆಗುತ್ತೆ” ಎನ್ನುವವರು ಆಗುತ್ತೆ ಎಂಬುದರ ದುಡ್ಡನ್ನು ಇವತ್ತೇ ಕೇಳುತ್ತಾರೆ. ಆದ ಮೇಲೆ ಕೊಡುತ್ತೇನೆ ಎಂದು ನೋಡಿ, ಅವರ ಆಶಾವಾದ ಎಷ್ಟು ಬಾಳುತ್ತದೆಂದು ಗೊತ್ತಾಗುತ್ತದೆ. ತಾರಸಿಯ ಮೇಲಿನ ರೂಮಿನ ಬಾಡಿಗೆ ಸೇರಿಸಿ ಬೆಲೆ ಕಟ್ಟಿದ್ದಾರೆ, ಪ್ಲಾನಿನಲ್ಲಿ ಆ ರೂಮೇ ಇಲ್ಲ. ಕಾನೂನಿನ ಕಣ್ಣಿಗೆ ಇಲ್ಲದ ಗೋಡೆಗೆ ನೀವು ಕೊಡುವುದು ಮಾತ್ರ ಕಣ್ಣಿಗೆ ಕಾಣುವ ದುಡ್ಡು.

ನೀರಿನ ಎರಡೂ ಮುಖ ನೋಡಬೇಕು, ಬಾರದ್ದು ಮತ್ತು ಬರಬಾರದ ಕಡೆ ಬಂದದ್ದು. 2024ರ ಬೇಸಿಗೆಯಲ್ಲಿ ಎಷ್ಟೋ ಬಡಾವಣೆಗಳ ಬೋರ್‌ವೆಲ್ ಬತ್ತಿ ಟ್ಯಾಂಕರ್ ಬಾಗಿಲಿಗೆ ಬಂತು. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆ, ಯಮಲೂರು ಕಡೆಯ ಕೋಟಿ ಕೋಟಿಯ ವಿಲ್ಲಾಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಬೇಕಾಯಿತು. 2016ರ ಆಗಸ್ಟಿನಲ್ಲಿ ರಾಜಕಾಲುವೆಯ ಜಾಗವೆಂದು ಪಾಲಿಕೆ ಮನೆಗಳನ್ನು ಉರುಳಿಸಿದಾಗ ಎಷ್ಟೋ ಮಾಲೀಕರ ಕೈಯಲ್ಲಿ ನೋಂದಾಯಿತ ಕ್ರಯಪತ್ರ, ಖಾತೆ, ಕಂದಾಯದ ರಸೀದಿ ಎಲ್ಲವೂ ಇದ್ದವು. ಕೆರೆ ಕಾಲುವೆಗಳ ಗುರುತಿರುವ ಹಳೆಯ ಗ್ರಾಮ ನಕಾಶೆ ಕಂದಾಯ ಇಲಾಖೆಯಲ್ಲಿ ಸಿಗುತ್ತದೆ. ಅದನ್ನು ನೋಡಿ, ಮತ್ತು ಜೋರು ಮಳೆ ಬಂದ ಸಂಜೆ ಆ ಬೀದಿಗೆ ಹೋಗಿ. ಬೀದಿ ಮೂಲೆಯ ಇಸ್ತ್ರಿ ಗಾಡಿಯವನನ್ನು ಮಾತಾಡಿಸಿ. ಕಾವೇರಿ ನೀರು ವಾರಕ್ಕೆ ಎಷ್ಟು ಸಲ ಬರುತ್ತದೆ, ಮೋರಿ ಯಾವಾಗ ಉಕ್ಕುತ್ತದೆ, ಆ ಮನೆಗೆ ಎಷ್ಟು ಮಂದಿ ಬಂದು ನೋಡಿ ಹೋದರು ಎಲ್ಲವೂ ಅವನಿಗೆ ಗೊತ್ತು. ಕಮಿಷನ್ ಕೇಳದ ಮೌಲ್ಯಮಾಪಕ ಈ ಊರಿನಲ್ಲಿ ಅವನೊಬ್ಬನೇ.

ಇಷ್ಟಾದ ಮೇಲೂ ಬೆಲೆ ನ್ಯಾಯವೋ ಅನ್ಯಾಯವೋ ಎಂಬ ಅನುಮಾನ ಉಳಿದರೆ, ಸುಳ್ಳು ಹೇಳಲು ಯಾವ ಕಾರಣವೂ ಇಲ್ಲದ ಒಬ್ಬ ವ್ಯಕ್ತಿ ಆ ಮನೆಯಲ್ಲೇ ಇದ್ದಾನೆ: ಬಾಡಿಗೆದಾರ. ಅವನು ಬರಲಿರುವ ಮೆಟ್ರೊಗೆ ದುಡ್ಡು ಕೊಡುವುದಿಲ್ಲ. ಮಾಲೀಕರ ಮಕ್ಕಳನ್ನು ಎಣಿಸುವುದಿಲ್ಲ. ಬರ್ಮಾ ತೇಗಕ್ಕೆ ಕೈಮುಗಿಯುವುದಿಲ್ಲ. ಮನೆ ಇವತ್ತು ಹೇಗಿದೆಯೋ ಅಷ್ಟಕ್ಕೆ, ತಿಂಗಳ ಸಂಬಳದಲ್ಲಿ, ಬ್ಯಾಂಕಿನ ಮೂಲಕ ಕೊಡುತ್ತಾನೆ. ಕೆಳಗಿನದಕ್ಕೆ 28,000, ಮೇಲಿನದಕ್ಕೆ 25,000 ಎಂದುಕೊಳ್ಳಿ. ವರ್ಷಕ್ಕೆ 6.36 ಲಕ್ಷ. ಮೂರು ಕೋಟಿಯ ಮೇಲೆ ಇದು ಶೇ 2.1. ಅದೇ ಮನೆಗೆ 2.25 ಕೋಟಿ ಸಾಲ ಮಾಡಿ, ಶೇ 8.5ರ ಬಡ್ಡಿಯಲ್ಲಿ 20 ವರ್ಷ ಕಟ್ಟಿದರೆ ತಿಂಗಳ ಕಂತು ಸುಮಾರು 1.95 ಲಕ್ಷ. 53,000 ರೂಪಾಯಿಯ ಸುಖಕ್ಕೆ 1.95 ಲಕ್ಷದ ಕಂತು. ವರ್ಷಕ್ಕೆ ಶೇ 3.5 ಆದರೂ ಹುಟ್ಟಲಿ ಎಂದು ಕೇಳಿದರೆ ಬಾಡಿಗೆ ಸಮರ್ಥಿಸುವ ಬೆಲೆ 1.80 ಕೋಟಿ ಚಿಲ್ಲರೆ. ಮಿಕ್ಕ ಸುಮಾರು 1.20 ಕೋಟಿಗೆ ನೀವು ಕೊಳ್ಳುತ್ತಿರುವುದು ಒಂದು ನಂಬಿಕೆಯನ್ನು: ಮುಂದೊಂದು ದಿನ ನಿಮಗಿಂತ ದೊಡ್ಡ ಆಶಾವಾದಿಯೊಬ್ಬ ಇದೇ ಮೆಟ್ಟಿಲು ಹತ್ತಿ ಬರುತ್ತಾನೆಂದು. ಬರಬಹುದು. ಬೆಂಗಳೂರಿನಲ್ಲಿ ಇದುವರೆಗೆ ಬರುತ್ತಲೇ ಇದ್ದಾನೆ. ಆದರೆ ಎಷ್ಟು ಮನೆಗೆ, ಎಷ್ಟು ನಂಬಿಕೆಗೆ ಎಂದು ಬೇರೆಬೇರೆ ಬಿಲ್ಲು ಬರೆದುಕೊಂಡು ಕೊಡುವುದು ಒಳ್ಳೆಯದು.

ಆ ಬಿಲ್ಲು ಬರೆಯಲು ಬಿಡದವನೇ “ಬೇರೆ ಪಾರ್ಟಿ”. ನೀವು ಯೋಚಿಸಲು ಎರಡು ದಿನ ಕೇಳಿದ ತಕ್ಷಣ ಬ್ರೋಕರ್ ಗಡಿಯಾರ ನೋಡುತ್ತಾನೆ. “ಯೋಚ್ನೆ ಮಾಡಿ ಸಾರ್, ಪರ್ವಾಗಿಲ್ಲ. ಬೇರೆ ಪಾರ್ಟಿ ನಾಳೆ ಬೆಳಿಗ್ಗೆ ಅಡ್ವಾನ್ಸ್ ತಗೊಂಡು ಬರ್ತಾ ಇದಾರೆ. ಗಂಡ ಹೆಂಡ್ತಿ ಇಬ್ರೂ ಸಾಫ್ಟ್‌ವೇರು.” ಈ ದಂಪತಿ ಬೆಂಗಳೂರಿನ ಎಲ್ಲ ಮನೆಗಳನ್ನೂ ನಾಳೆ ಬೆಳಿಗ್ಗೆ ಕೊಳ್ಳುತ್ತಾರೆ. ಅವರನ್ನು ಕಂಡವರಿಲ್ಲ, ಅವರಿಗೆ ಹೆದರಿ ಟೋಕನ್ ಕೊಟ್ಟವರು ಲೆಕ್ಕವಿಲ್ಲ. ಬ್ರೋಕರನನ್ನು ಬೈದು ಪ್ರಯೋಜನವಿಲ್ಲ. ಎರಡೂ ಕಡೆ ಕಮಿಷನ್ ಪಡೆಯುವ ಅವನಿಗೆ ಬೆಲೆ ಮುಖ್ಯವಲ್ಲ, ವ್ಯವಹಾರ ಮುಗಿಯುವುದು ಮುಖ್ಯ. ಇಪ್ಪತ್ತು ಲಕ್ಷ ಇಳಿದರೆ ಶೇ 1ರಂತೆ ಅವನಿಗೆ ನಿಮ್ಮಿಂದ ನಷ್ಟವಾಗುವುದು ಇಪ್ಪತ್ತು ಸಾವಿರ. ವ್ಯವಹಾರವೇ ಮುರಿದರೆ ಎಲ್ಲವೂ ನಷ್ಟ. ಆದ್ದರಿಂದ ಕಡೇ ರೇಟು ಕೇಳುವ ಬದಲು ಅವನನ್ನು ಒಂದೇ ಪ್ರಶ್ನೆ ಕೇಳಿ: “ಈ ಬೋರ್ಡು ಎಷ್ಟು ತಿಂಗಳಿಂದ ನೇತಾಡ್ತಾ ಇದೆ?” ಎಂಟು ತಿಂಗಳಿಂದ ಎಂದರೆ, ಎಂಟು ತಿಂಗಳಿಂದ ಇಡೀ ಊರು ಆ ಬೆಲೆಯನ್ನು ಬೇಡ ಎನ್ನುತ್ತಿದೆ ಎಂದರ್ಥ. ನೀವೊಬ್ಬರೇ ಯಾಕೆ ಊರಿನ ತೀರ್ಪು ಮೀರಬೇಕು?

ನೆಲದ ದರದಿಂದ ಬಂದ ಒಂದು ಸಂಖ್ಯೆ, ಬಾಡಿಗೆಯಿಂದ ಬಂದ ಒಂದು ಸಂಖ್ಯೆ, ಇವೆರಡರ ನಡುವೆ ನಿಮ್ಮ ಆಸೆ ಮತ್ತು ಜೇಬು ಒಪ್ಪುವ ಒಂದು ಸಂಖ್ಯೆ: ಮೂರನ್ನೂ ಕಾಫಿ ಕುಡಿಯಲು ಹೋಗುವ ಮೊದಲೇ ಬರೆದಿಟ್ಟುಕೊಳ್ಳಿ. ಕೆಲವು ಸಾವಿರ ಫೀಸು ಕೊಟ್ಟು ನಿಮ್ಮದೇ ಮೌಲ್ಯಮಾಪಕರು, ನಿಮ್ಮದೇ ವಕೀಲರನ್ನು ಹಿಡಿಯಿರಿ. ಮೂರನೆಯ ಸಂಖ್ಯೆಯನ್ನು ಮೀರಿ ಮಾತು ಹೋದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ನಾಳೆ ಬೆಳಿಗ್ಗೆಯ ಸಾಫ್ಟ್‌ವೇರ್ ದಂಪತಿಗೆ ಶುಭವಾಗಲಿ. ಅಡ್ವಾನ್ಸ್ ಕೊಟ್ಟ ಮೇಲೆ ಬೆಲೆ ಸರಿಯೇ ಎಂದು ಹತ್ತು ಜನರನ್ನು ಕೇಳುತ್ತಾ ತಿರುಗುವವನಿಗೆ ಈ ಊರಿನಲ್ಲಿ ಸಿಗುವುದು ಸಮಾಧಾನ ಒಂದೇ. ಅದೂ ಧಾರಾಳವಾಗಿ ಸಿಗುತ್ತದೆ, ಏಕೆಂದರೆ ಸರ್ಕಾರ ಅದಕ್ಕಿನ್ನೂ ನೋಂದಣಿ ಶುಲ್ಕ ಹಾಕಿಲ್ಲ.